ಟೈಗರ್ ಕುಳಿತದ್ದು

1-2-2004, ರವಿವಾರ, ಬೆಳಿಗ್ಗೆ 9

ಇವತ್ತೂ ಸೂರ್ಯ ಹುಟ್ಟುವ ಮೊದಲೇ ನದಿ ದಂಡೆಯ ಮೈದಾನ, ನಾಯಿಗಳ ಕ್ಲಾಸು. ನಾಯಿಗಳು ಬೇಗ ಕಲಿಯುತ್ತವೆ. ಮಾಲೀಕರೇ ಕಷ್ಟ. ಎಲ್ಲರ ಕೈಗೂ ಒಂದೊಂದು ಬಟನ್ ಪೆನ್ ಕೊಟ್ಟಿದ್ದೇನೆ. ಹೇಳಿದ ಮಾತನ್ನು ನಾಯಿ ಕೇಳಿದ ಆ ಕ್ಷಣಕ್ಕೇ ಪೆನ್ನಿನ ಬಟನ್ ಟಕ್. ಹಿಂದೆಯೇ ರೊಟ್ಟಿ ಚೂರು. ಬೈಯುವಂತಿಲ್ಲ, ಹೊಡೆಯುವಂತಿಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಇಲಿಗಳಿಗೆ ಕಲಿಸಿದ್ದು, ಈಗ ರಾಮದುರ್ಗದ ನಾಯಿಗಳಿಗೆ. ಕಾಲೇಜಿನ ಸ್ಟಾಫ್‌ರೂಮಿನಲ್ಲಿ ನನಗೆ "ನಾಯಿ ಮೇಡಂ" ಎಂದೇ ಹೆಸರು. ಇರಲಿ. ಸೈಕಾಲಜಿ ಮೇಡಂ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹೊಸಬರು ಬಂದರು. ಪೇಟೆಯ ಬಟ್ಟೆ ಅಂಗಡಿಯ ನಿಜಗುಣಪ್ಪ, ಅವರ ಹೆಂಡತಿ ಸೋಮವ್ವ. ನಾಯಿ ಟೈಗರ್ — ಕರುವಿನಷ್ಟು ಎತ್ತರ. ಕಚ್ಚುವುದಿಲ್ಲ. ಪ್ರೀತಿ ಜಾಸ್ತಿ. ಎದುರಿಗೆ ಬಂದವರ ಎದೆಗೇ ಜಿಗಿಯುತ್ತದೆ. ನನ್ನನ್ನೂ ಮಣ್ಣಿಗೆ ಕೆಡವಿತು.

"ಯುಗಾದಿಗೆ ಮಗಳು ಶಿವಾನಿ ಕೂಸಿನ್ನ ಕರಕೊಂಡು ಬರಾಕಿ ಅದಾಳ್ರೀ ಅಕ್ಕೋರ," ಎಂದರು ಸೋಮವ್ವ. "ನಾಯಿ ಹಿಂಗ ಜಿಗಿಯೂದಿದ್ರ ನಿಮ್ಮ ಮನಿಗೆ ಕಾಲಿಡಂಗಿಲ್ಲ ಅಂದಾರ ಅಳಿಯಾರು. ಇವರು ಕಟಕೋಳದ ಹೊಲದಾಗ ಬಿಟ್ಟು ಬರತೇನಿ ಅಂತಾರ. ಮರಿ ಇದ್ದಾಗಿಂದ ನಾನ ಹಾಲು ಕುಡಿಸಿ ಬೆಳಿಸೇನ್ರಿ…"

ಕಣ್ಣು ಒರೆಸಿಕೊಂಡರು. ನಿಜಗುಣಪ್ಪನವರು ನದಿಯ ಕಡೆ ನೋಡುತ್ತಿದ್ದರು.

8-2-2004

ಟೈಗರ್ ಕುಳಿತ! "ಶಾಬಾಸ್ ಅನ್ರಿ," ಎಂದೆ.

"ಕುಂದರು ಅಂದ್ರ ಕುಂದರಬೇಕು. ಅದಕ್ಕ ಶಾಬಾಸ್ ಯಾಕ್ರಿ?" ನಿಜಗುಣಪ್ಪನವರ ಹಟ.

"ನನ್ನ ಅಡಿಗಿ ಚಲೋ ಆಗೈತಿ ಅಂತ ಇವತ್ತಿನ ತನಕಾ ಒಮ್ಮೆ ಅಂದಿಲ್ರಿ ಇವರು," ಎಂದರು ಸೋಮವ್ವ. "ನಾಯಿಗೆ ಅಂತಾರೇನು?"

ಇಡೀ ಮೈದಾನ ನಕ್ಕಿತು. ಕೊನೆಗೂ ಶಾಬಾಸ್ ಅಂದರು — ಗಿರಾಕಿಗೆ "ಇದಕ್ಕಿಂತ ಕಡಿಮಿ ಆಗಂಗಿಲ್ಲ" ಎನ್ನುವ ದನಿಯಲ್ಲಿ. ಟೈಗರ್ ಬಾಲ ಮುದುರಿಕೊಂಡ.

22-2-2004

ಕೆಟ್ಟ ದಿನ. ಕ್ಲಾಸಿಗೆ ಬರುವ ದೇವಕ್ಕ ತನ್ನ ಬಿಳಿ ನಾಯಿಯ ಜೊತೆ ಹಾಯ್ದು ಹೋಗುವಾಗ ಟೈಗರ್ ಅವಳ ಮೇಲೆ ಜಿಗಿದ. ನಿಜಗುಣಪ್ಪ ಚೈನಿನಿಂದಲೇ ಹೊಡೆದರು. ನನಗೆ ಎಲ್ಲಿಲ್ಲದ ಸಿಟ್ಟು. ಎಲ್ಲರೆದುರೇ ಕೂಗಿಬಿಟ್ಟೆ — "ನಿಮಗ ನಾಯಿ ಸಾಕೂ ಯೋಗ್ಯತಾನ ಇಲ್ರಿ!"

ನಿಜಗುಣಪ್ಪ ನಾಯಿಯನ್ನು ಎಳೆದುಕೊಂಡು ಹೋದರು. ಸೋಮವ್ವ ಮಾತ್ರ ತಿರುತಿರುಗಿ ನೋಡಿದರು.

7-3-2004

ಈ ರವಿವಾರವೂ ಬರಲಿಲ್ಲ.

9-3-2004, ಸಂಜೆ

ಸೆಕೆಂಡ್ ಇಯರ್ ಕ್ಲಾಸು. ಶಿಕ್ಷೆಯ ಪಾಠ. "ಶಿಕ್ಷೆಯಿಂದ ಪ್ರಾಣಿ ಕಲಿಯುವುದು ಕಡಿಮೆ. ಶಿಕ್ಷೆ ಕೊಟ್ಟವರಿಂದ ದೂರ ಓಡುವುದನ್ನು ಬೇಗ ಕಲಿಯುತ್ತದೆ." ಬೋರ್ಡಿನ ಮೇಲೆ ಚಾಕ್ ಅಲ್ಲೇ ನಿಂತಿತು. ಮೈದಾನ ಬಿಟ್ಟು ಓಡಿದ್ದು ಟೈಗರ್ ಅಲ್ಲ… ನಾಯಿಗಳಿಗೆ ರೊಟ್ಟಿ, ಮಾಲೀಕರಿಗೆ ಬೈಗುಳ. ಎಂಥ ಟೀಚರ್ ನಾನು!

ಸೀದಾ ಅಂಗಡಿಗೆ ಹೋದೆ.

"ಏನು ತೋರಸ್ಲಿ?" ನಿಜಗುಣಪ್ಪ ತಲೆ ಎತ್ತಲಿಲ್ಲ. "ಸೀರಿನೋ, ಜಂಪರ್ ಪೀಸೋ?"

"ತಪ್ಪಾತು ಅಂತ ಹೇಳಾಕ ಬಂದೇನ್ರಿ. ಅವತ್ತು ದೇವಕ್ಕ ಬರೂಕಿಂತ ಮೊದಲ ಟೈಗರನ್ನ ಎಷ್ಟೊತ್ತು ಕುಂದರಿಸಿದ್ರಿ ನೀವು! ಅಲ್ಲಿದ್ದ ಯಾವ ನಾಯೀನೂ ಅಷ್ಟೊತ್ತು ಕುಂತಿರಲಿಲ್ಲ. ನಾ ನೋಡಿದ್ದೆ. ಬಾಯಿಬಿಟ್ಟು ಹೇಳಲಿಲ್ಲ."

ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಿದರು. "ಖರೇನ?"

"ಖರೇನ ರೀ."

"ಚಹಾ ತರಸ್ತೇನಿ, ಕುಂದರ್ರಿ." ಆಮೇಲೆ ಸಣ್ಣ ದನಿಯಲ್ಲಿ, "ಅದೀಗ ನನ್ನ ಹತ್ರ ಬರವಲ್ತು, ಅಕ್ಕೋರ. ನಾ ಒಳಗ ಬಂದ್ರ ಸಾಕು, ಮಂಚದ ಬುಡಕ ಹೊಕ್ಕತೈತಿ."

"ಕರೀಬ್ಯಾಡ್ರಿ. ರೊಟ್ಟಿ ಹಿಡಕೊಂಡು ನೆಲಕ್ಕ ಸುಮ್ಮನ ಕುಂದರ್ರಿ. ಅದ ಬರತೈತಿ."

14-3-2004

ಬಂದರು! ನಿಜಗುಣಪ್ಪನವರ ಧೋತರದ ತುಂಬ ನಾಯಿಯ ಕೂದಲು. ಟೈಗರ್ ಅವರ ಕಾಲಿಗೇ ಅಂಟಿಕೊಂಡಿದ್ದ.

ಇವತ್ತಿನಿಂದ ಮಾಲೀಕರಿಗೂ ಶಾಬಾಸ್. "ಚಲೋ ಹಿಡದ್ರಿ ಶಂಕ್ರೆಪ್ಪಾ!" ಎಂದರೆ, ಇಷ್ಟು ದಿನ ಬೈಸಿಕೊಳ್ಳುತ್ತಿದ್ದ ಪೋಸ್ಟಿನ ಶಂಕ್ರೆಪ್ಪ ನಾಚಿ ನೀರಾದರು. ನಿಜಗುಣಪ್ಪನವರಂತೂ ಕೂಸಿನ ಜೊತೆ ಮಾತಾಡುವ ಸಣ್ಣ ದನಿ ತೆಗೆದು, "ಶಾಣ್ಯಾ ಅದಿ ನೋಡು ನನ್ನ ರಾಜಾ!" ಸೋಮವ್ವ ಸೆರಗು ಬಾಯಿಗೆ ಒತ್ತಿಕೊಂಡು ಕುಲುಕುಲು ನಕ್ಕರು.

20-3-2004, ಶನಿವಾರ, ಸಂಜೆ

ನಾಳೆ ಯುಗಾದಿ. ಬರಲೇಬೇಕೆಂದು ಸೋಮವ್ವ ಹೇಳಿ ಕಳಿಸಿದ್ದರು. ಹೋದೆ.

ಬಾಗಿಲಿಗೆ ಆಟೋ ಬಂತು. ಟೈಗರನ ಮೈಯೆಲ್ಲ ನಡುಕ. ನಿಜಗುಣಪ್ಪ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು, "ಕುಂದರು ರಾಜಾ… ಕುಂದರು…"

ಕೂಸನ್ನೆತ್ತಿಕೊಂಡು ಶಿವಾನಿ ಒಳಗೆ ಬಂದಳು. ಕೂಸು ಕೈ ಚಾಚಿತು. ಟೈಗರ್ ಅರ್ಧ ಎದ್ದ. ಮತ್ತೆ ಕುಳಿತ! ನಿಜಗುಣಪ್ಪನವರ ಪೆನ್ನು ಟಕ್! ಹಿಂದೆಯೇ ಅಳಿಯ ಮಧು, ಎದೆಗೆ ಬ್ಯಾಗು ಅಡ್ಡ ಹಿಡಿದು, ಒಂದೊಂದೇ ಹೆಜ್ಜೆ. ನಿಜಗುಣಪ್ಪನವರಿಗೆ ಖುಷಿಯಲ್ಲಿ ಏನೂ ತಿಳಿಯಲಿಲ್ಲ. ಅಳಿಯನ ಮುಖ ನೋಡಿಯೇ ಅಂದುಬಿಟ್ಟರು —

"ಶಾಣ್ಯಾ ನನ್ನ ರಾಜಾ!"

ಶಿವಾನಿ ಬಾಗಿಲಿಗೆ ಆನಿಕೊಂಡು ನಗತೊಡಗಿದಳು. ಅಳಿಯನೂ ಬ್ಯಾಗು ಕೆಳಗಿಟ್ಟು ನಕ್ಕ.

"ಅಪ್ಪಾ, ನನಗ ಒಮ್ಮೆರ ಹಿಂಗ ಅಂದೀಯೇನು?"

"ಅನ್ನಬೇಕಿತ್ತವಾ," ಎಂದರು ನಿಜಗುಣಪ್ಪ. ಅವಳ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತರು.

ಟೈಗರ್ ಎಲ್ಲಿಗೂ ಹೋಗುವುದಿಲ್ಲ.

23-3-2004, ಬೆಳಿಗ್ಗೆ 7

ಚಹಾ ಇನ್ನೂ ಕುಡಿದಿಲ್ಲ. ಗೇಟಿನಲ್ಲಿ ಯಾರೋ — ಸಾಲಹಳ್ಳಿಯ ಸತ್ಯಪ್ಪ ಅಂತೆ.

"ನಾಯಿ ಶಾಣ್ಯಾ ಮಾಡೂ ಅಕ್ಕೋರು ನೀವ ಏನ್ರಿ? ನಂದು ನಾಯಿ ಅಲ್ರಿ, ಎಮ್ಮಿ. ಹಿಂಡಾಕ ಕುಂತ್ರ ಒದೀತೈತಿ. ಟೆಂಪೋದಾಗ ಹಾಕ್ಕೊಂಡ ಬಂದೇನ್ರಿ."

ಕಿಟಕಿಯಿಂದ ನೋಡಿದೆ. ನಿಜವಾಗಿಯೂ ಎಮ್ಮೆ, ಟೆಂಪೋದಿಂದ ಇಳಿಸಿ ಗೇಟಿಗೆ ಕಟ್ಟಿದ್ದಾರೆ. ಎಮ್ಮೆಯ ಮೇಲೆ ನಾನು ಏನೂ ಓದಿಲ್ಲ. ಯೋಚಿಸಬೇಕು… ಹಿಂಡಿ ತಿನ್ನಿಸುತ್ತ ಮೊದಲು ಬರೀ ಮೈ ಮುಟ್ಟುವುದು. ಸುಮ್ಮನೆ ನಿಂತರೆ ಇನ್ನಷ್ಟು ಹಿಂಡಿ. ಕೆಚ್ಚಲಿಗೆ ಕೈ ಹಾಕುವುದು ಆಮೇಲೆ, ತೀರಾ ಆಮೇಲೆ, ಅದೂ ಸತ್ಯಪ್ಪನವರೇ — ಅಯ್ಯೋ, ಎಮ್ಮೆ ನನ್ನ ಮಲ್ಲಿಗೆ ಬಳ್ಳಿಗೇ ಬಾಯಿ ಹಾಕಿತು!