ಎರಡು ಬೆರಳು ಸಡಿಲ

ಮಾರ್ಚ್ 4, ಬೆಳಿಗ್ಗೆ

ಮೂರು ಪ್ಯಾಂಟಿನ ಅಂಚು ಮಡಿಸಿ ಹೊಲಿದಾಯಿತು. ಕೋಟಿನ ತೋಳು ಬಾಕಿ. ಮಿಷನ್ ಮುಂದೆ ಕಾಲಿಡಲು ಜಾಗವಿಲ್ಲ. ಹಾಲ್ ತುಂಬಾ ದೋಣಿಯ ಮುಂದಿನ ಹಾಯಿ. ಸೋಫಾ ಗೋಡೆಗೆ ನೂಕಿ ಹಾಸಿದ್ದಾರೆ ಇವರು.

ಭಾನುವಾರ ನೀರಿನ ಮಧ್ಯೆ ಪರ್ರ್ ಎಂದು ಹರಿದಿದ್ದು ಇನ್ನೂ ಕಿವಿಯಲ್ಲಿದೆ. ತೇಪೆ ಹಾಕುತ್ತೇನೆ ಎಂದೆ. "ಬಟ್ಟೆಯಲ್ಲೇ ಜೀವ ಇಲ್ಲ, ತೇಪೆ ಎಲ್ಲಿಗೆ ಹಾಕ್ತೀಯ? ಹೊಸದೇ ಆಗ್ಬೇಕು." ನಮ್ಮ ದೋಣಿಗೆ 'ಮುದುಕಿ' ಎಂದೇ ಹೆಸರು. ಮುದುಕಿಗೆ ಹೊಸ ಲಂಗ ಎಂದು ಬೆಳಿಗ್ಗೆಯಿಂದ ರಾಗ ಎಳೆಯುತ್ತಿದ್ದಾರೆ. ನನಗೆ ನಗು ಬರಲಿಲ್ಲ.

ಅದೇ ದಿನ, ಮಧ್ಯಾಹ್ನ

ಹಾಯಿ ಹೊಲಿಯುವಾತನ ಫಾರಂ ಬಂತು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಫಾರಂ ಕಂಡರೆ ಅಂಗೈ ಬೆವರುತ್ತದೆ. ಆದರೆ ಇವರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಅಳತೆ ತೆಗೆಯುವುದು ಹೇಗೂ ನನ್ನ ಕಸುಬು. ನನ್ನ ಟೇಪನ್ನೇ ಗೇಣು ಗೇಣಾಗಿ ಸರಿಸುತ್ತಾ, ಚಾಕಿನಲ್ಲಿ ಗುರುತು ಹಾಕುತ್ತಾ ಅಳೆದೆ. ಮೂರು ಸಲ. ಮೂರು ಸಲವೂ ಬೇರೆ ಬೇರೆ. ನಡುವಿನದನ್ನು ಬರೆದೆ.

ಕೊನೆಯ ಪ್ರಶ್ನೆ — ದೊಡ್ಡದೋ ಚಿಕ್ಕದೋ? ದೊಡ್ಡದು ಈಗಿರುವ ಹಾಗೆ, ಹಾಯಿಕಂಬ ದಾಟಿ ಹಿಂದಕ್ಕೆ ಬರುತ್ತದೆ. ಚಿಕ್ಕದು ಕಂಬದ ಮುಂದೆಯೇ ನಿಲ್ಲುತ್ತದೆ, ಎಳೆಯಲು ಹಗುರ.

"ದೊಡ್ಡದೇ. ಅದರಲ್ಲಿ ಕೇಳೋದೇನಿದೆ?"

ಕೇಳುವುದಿದೆ. ಭಾನುವಾರ ಹಾಯಿ ಹರಿಯುವ ಮೊದಲು ಇವರು ಹಾಯಿಯ ಹಗ್ಗ ಸುತ್ತಿ ಬಿಗಿಯುವ ವಿಂಚಿನ ಹ್ಯಾಂಡಲ್ ತಿರುಗಿಸುತ್ತಾ ಅರ್ಧಕ್ಕೇ ನಿಂತರು. ಹಗ್ಗ ಇನ್ನೂ ಸಡಿಲ. "ಹಕ್ಕಿ ನೋಡೇ," ಎಂದರು. ನೋಡಿದೆ. ಹಕ್ಕಿ ಇರಲಿಲ್ಲ. ಇವರ ಎಡಗೈ ಬಲ ಹೆಗಲ ಮೇಲಿತ್ತು. ಕಳೆದ ವರ್ಷ ಆಪರೇಷನ್ ಆದ ಹೆಗಲು.

ಮಾರ್ಚ್ 5

ಅಕ್ಕನಿಗೆ ಫೋನ್ ಮಾಡಿದೆ.

"ಚಿಕ್ಕದು ಸಾಕು ಅಂತ ಬಾಯಿಬಿಟ್ಟು ಹೇಳೇ."

"ಹೇಳಿದ್ರೆ ದೋಣೀನೇ ಮಾರಿಬಿಡ್ತಾರಕ್ಕ. ಆಸ್ಪತ್ರೇಲೇ ಇವ್ರು ಹೇಳಿದ್ರು, ಹಗ್ಗ ಎಳೆಯೋಕಾಗದ ದಿನ ಮುದುಕೀನ ಬೇರೆಯವರಿಗೆ ಕೊಟ್ಬಿಡೋದು ಅಂತ."

"ನೀನು ಎಳಿ."

"ನಾನಾ! ದೋಣಿ ಸ್ವಲ್ಪ ವಾಲಿದ್ರೆ ಕಣ್ಮುಚ್ಚಿ ಕೂರೋಳು ನಾನು."

"ಕಣ್ಮುಚ್ಕೊಂಡೇ ಎಳಿ," ಎಂದು ನಕ್ಕಳು. ಇವಳಿಗೆಲ್ಲ ತಮಾಷೆ.

ದೋಣಿ ಹೋದರೆ ಇವರು ಮನೆಯಲ್ಲಿ ಏನು ಮಾಡುತ್ತಾರೆ? ಕಿಟಕಿಯ ಹತ್ತಿರ ಕುರ್ಚಿ... ಬೇಡ, ಬರೆಯುವುದು ಬೇಡ.

'ದೊಡ್ಡದು' ಎಂದು ಗುರುತು ಹಾಕಿ ಕಳಿಸಿದೆ. ನನ್ನ ಕೈಯಾರೆ.

ಮಾರ್ಚ್ 15

ಹತ್ತು ದಿನ ಬರೆಯಲಿಲ್ಲ. ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ.

ಇವತ್ತು ಹಾಯಿಯವನು ದೋಣಿಗೇ ಬಂದ. ಕಟ್ಟೆಯ ಪಕ್ಕ ನಿಂತಿದ್ದ ಮುದುಕಿಯ ಕಂಬದ ತುದಿಗೆ ಉಕ್ಕಿನ ಟೇಪ್ ಏರಿಸಿ ಅಳೆದ. ನನ್ನ ಫಾರಂ ನೋಡಿದ. ಮತ್ತೆ ಅಳೆದ.

"ಅಮ್ಮಾ, ಉದ್ದಕ್ಕೆ ಎರಡು ಬೆರಳು ಜಾಸ್ತಿ ಬರೆದಿದ್ದೀರಲ್ಲ?"

ನಾಲಿಗೆ ಕಚ್ಚಿಕೊಂಡೆ. ಗೊತ್ತೇ ಆಗಿಲ್ಲ. ಯಾರ ಅಳತೆ ತೆಗೆದರೂ ಎರಡು ಬೆರಳು ಸಡಿಲ ಸೇರಿಸಿಯೇ ಬರೆಯುವುದು ನನ್ನ ರೂಢಿ. ಜನ ದಪ್ಪಗಾಗುತ್ತಾರೆ ಎಂದೆ.

"ಹಾಯಿ ಉಂಡು ದಪ್ಪ ಆಗಲ್ಲಮ್ಮ! ಉದ್ದ ಜಾಸ್ತಿ ಆದ್ರೆ ಮೇಲೆಳೆದು ಬಿಗಿ ಮಾಡೋಕೆ ಜಾಗ ಇರಲ್ಲ. ಜೋತಾಡತ್ತೆ." ಆಮೇಲೆ ಇವರ ಕಡೆ ತಿರುಗಿದ. "ಎಳೆಯೋದು ಯಾರು ಯಜಮಾನ್ರೇ?"

"ನಾನೇ. ಇನ್ಯಾರು?"

"ಒಂದ್ಸಲ ಎಳೆದು ತೋರಿಸಿ. ಕೈ ನೋಡಿದ್ರೆ ಸೈಜ್ ಹೇಳ್ಬಹುದು."

ಹಗ್ಗದ ಇನ್ನೊಂದು ತುದಿಯನ್ನು ಅವನು ಬಿಗಿಯಾಗಿ ಹಿಡಿದ. ಇವರು ತಿರುಗಿಸಿದರು. ಎರಡು ಸುತ್ತು, ಮೂರು. ನಾಲ್ಕರ ಅರ್ಧಕ್ಕೆ ನಿಂತರು.

"ಹಕ್ಕಿ..." ಎಂದರು.

"ಹೌದ್ರೀ, ಎರಡಿವೆ," ಎಂದೆ ನಾನು, ಆಕಾಶ ನೋಡುತ್ತಾ.

"ಎಲ್ಲಿ? ಯಾವ ಹಕ್ಕಿ?" ಹಾಯಿಯವನೂ ಕತ್ತೆತ್ತಿ ಹುಡುಕಿದ. ಪಾಪ, ನಿಜವಾಗಿಯೇ ಹುಡುಕಿದ.

ಇವರು ನನ್ನ ಮುಖ ನೋಡಿದರು. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಾಯಿತು. ಮುಗಿಯಿತು, ದೋಣಿ ಹೋಯಿತು ಎಂದುಕೊಂಡೆ.

ಹ್ಯಾಂಡಲ್ ಬಿಟ್ಟರು. "ಹಕ್ಕಿ ಇಲ್ಲ ಕಣಪ್ಪ. ಹೆಗಲು." ನನ್ನ ಕಡೆ ಕೈ ತೋರಿಸಿ — "ಅಳತೆ ಇವಳಿಗೆ ತಗೋ."

"ರೀ!"

"ಊರಿನವರದೆಲ್ಲ ತೆಗೀತೀಯಲ್ಲ, ನಿಂದೂ ಒಂದ್ಸಲ ತೆಗೀಲಿ."

ಎಳೆದೆ. ಕಣ್ಣು ಮುಚ್ಚಿಕೊಂಡೇ. ನಾಲ್ಕು ಸುತ್ತು ದಾಟಿ ಐದನೆಯದಕ್ಕೆ ಹ್ಯಾಂಡಲ್ ಕದಲಲಿಲ್ಲ. "ಚಿಕ್ಕದೇ ಸರಿ," ಎಂದ ಹಾಯಿಯವನು.

"ಎರಡು ಬೆರಳು ಸಡಿಲ ಬಿಡು. ಕಲೀತಾಳೆ."

"ಉದ್ದಕ್ಕೆ ಆಗಲ್ಲ ಸ್ವಾಮಿ. ಅಗಲಕ್ಕೆ ಬಿಡ್ತೀನಿ."

ಮನೆಯ ಬಾಗಿಲ ಹತ್ತಿರ ಇವರು, "ಹಕ್ಕಿ ಎರಡಂತೆ, ಎರಡು," ಎಂದರು.

ಏಪ್ರಿಲ್ 18

ಹಾಯಿ ಬಂತು. ಹೊಲಿಗೆ ಒಂದೊಂದಾಗಿ ನೋಡಿದೆ. ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ವಾಪಸ್ ಕಳಿಸಬಹುದಿತ್ತು.

ಹಗ್ಗ ಕೈಯಿಂದ ಜಾರಿದರೆ? ದೋಣಿ ಮಗುಚಿದರೆ? ಇವರ ಮೇಲೆ ಬಿದ್ದರೆ? ಕೋಟಿಗೆ ತೋಳು ಎಡದ್ದು ಬಲಕ್ಕೆ ಹೊಲಿದುಬಿಟ್ಟೆ.

ಏಪ್ರಿಲ್ 20, ಹನ್ನೊಂದು ಗಂಟೆ, ದೋಣಿಯಲ್ಲಿ

ಗಾಳಿ ನಿಂತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಚುಕ್ಕಾಣಿ ಇವರ ಎಡಗೈಯಲ್ಲಿ. ಆಗಲೇ ಎರಡು ಸಲ ಎಳೆದೆ. ಅಂಗೈ ಕೆಂಪಾಗಿದೆ. ಎರಡನೇ ಸಲ ಅರ್ಧಕ್ಕೆ ನಿಂತೆ, ಉಸಿರೇ ಇರಲಿಲ್ಲ.

"ಯಾಕೇ ನಿಂತೆ?"

"ಹಕ್ಕಿ ನೋಡ್ತಿದ್ದೀನಿ," ಎಂದೆ.

ಇವರು ತಲೆ ಎತ್ತಿದರು. ತುಂಬಾ ಹೊತ್ತು, ಗಂಭೀರವಾಗಿ ನೋಡಿದರು. "ಮೂರಿವೆ ಕಣೇ. ನಿಧಾನಕ್ಕೆ ಎಳಿ."

ಹಾಯಿಯ ಅಂಚು ಅಲುಗಿತು. ಗಾಳಿ ಬರುತ್ತಿದೆ, ಆ ಕಡೆ ನೀರು ಕಪ್ಪಾಗುತ್ತಿದೆ. ಕರೆಯುತ್ತಿದ್ದಾರೆ. ಭಯ ಇದೆ, ಇಲ್ಲ ಎಂದರೆ ಸುಳ್ಳು. ಆದರೆ ಹಗ್ಗ ಈಗ ನನ್ನ ಕೆಲಸ —