ಖಾಲಿ ಹಾಳೆಯ ಮೇಲಿನ ನನ್ನ ರುಜು

ಹುಣಸೂರು
20 ನವೆಂಬರ್ 2008

ಗಾವಡಗೆರೆ ಶಾಲೆಯಲ್ಲಿ ನನಗೆ ಅಕ್ಷರ ತಿದ್ದಿಸಿದ ಮಹದೇವಯ್ಯ ಮೇಷ್ಟ್ರಿಗೆ, ಚಲುವರಾಜು ಮಾಡುವ ನಮಸ್ಕಾರ.

ಮೊದಲು ನೀವು ಕೊಟ್ಟ ಮಾತುಗಳನ್ನು ಬರೆಯುತ್ತೇನೆ. ನೀವು ಅಧ್ಯಕ್ಷರಾಗಿರುವ ಆರೋಗ್ಯ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ನಮ್ಮಂಥವರಿಗೆ, ಅಂದರೆ ಗಂಡನ್ನು ಪ್ರೀತಿಸುವ ಗಂಡಿಗೆ, ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ, ಗಂಡೆಂದು ಹುಟ್ಟಿ ಹೆಣ್ಣಾಗಿ ಬಾಳುವವರಿಗೆ, ಎರಡು ಸ್ಥಾನ ಎಂದಿರಿ. ಇವತ್ತು ಒಂದೂ ಇಲ್ಲ. ತಯಾರಾಗಿ ಬನ್ನಿ ಎಂದು ನನ್ನನ್ನೂ ಪಿರಿಯಾಪಟ್ಟಣದ ನರ್ಸ್ ಮಾನಸಳನ್ನೂ ಮೈಸೂರಿನ ತರಬೇತಿಗೆ ಕಳಿಸಿದಿರಿ. ತಯಾರಾಗಿ ಬಂದೆವು. ಮಾನಸಳ ಹೆಸರನ್ನು ಸಭೆಯ ಮುಂದೆ ಇಡಲೇ ಇಲ್ಲ. ಹಗಲಲ್ಲಿ ಬರಲು ನಮ್ಮವರು ಹೆದರುತ್ತಾರೆ, ಕೊಪ್ಪದ ಕ್ಲಿನಿಕ್ಕನ್ನು ಸಂಜೆ ತೆರೆಯೋಣ ಎಂದಿರಿ. ಈಗಲೂ ನಾಲ್ಕು ಗಂಟೆಗೆ ಬೀಗ. ನನ್ನನ್ನು ಮಂಡಳಿಗೆ ಸೇರಿಸಿಕೊಂಡಿರಿ. ಒಂದೇ ಸಭೆಯಾದ ಮೇಲೆ ಹೊರಗೆ ಹಾಕಿದಿರಿ, ಅದೂ ನನ್ನದೇ ರುಜುವಿನಿಂದ.

ಆರು ಭಾನುವಾರ ಬೆಳಗಿನ ಮೊದಲ ಬಸ್ಸು ಹಿಡಿದು ಹೋದೆವು ಮೇಷ್ಟ್ರೇ. ಸಂಸ್ಥೆಯ ನಿಯಮಗಳಿರುವ ಬೈಲಾ ಓದುವುದು, ಸಭೆಗೆ ಬೇಕಾದಷ್ಟು ಜನರಿದ್ದಾರೆಯೇ ಎಂದು ಕೋರಂ ನೋಡುವುದು, ವಿರೋಧವಿದ್ದರೆ ಬಾಯಲ್ಲಿ ಹೇಳಿ ಸುಮ್ಮನಾಗದೆ ನಡಾವಳಿ ಪುಸ್ತಕದಲ್ಲಿ ಬರೆಸುವುದು, ಎಲ್ಲ ಕಲಿತೆವು. ಮಾನಸ ಬಸ್ಸಿನಲ್ಲಿ, "ಮದ್ವೆ ಮಾಡ್ಕೊಳಾಕೆ ಬುಡ್ದಿದ್ರೂ ನಮ್ಗೆ ಮೀಟಿಂಗ್ ಮಾಡಾಕಾದ್ರೂ ಬುಡ್ತಾರೆ ಕಣಣ್ಣ" ಎಂದು ನಗಿಸುತ್ತಿದ್ದಳು.

ಸೆಪ್ಟೆಂಬರ್ 14ರ ಸಭೆ ನಿಮಗೆ ನೆನಪಿರಬೇಕು. ವಡೆ, ಟೀ ಬಂತು. ಕಾರ್ಯದರ್ಶಿ ಲಿಂಗಣ್ಣ ನಡಾವಳಿ ಪುಸ್ತಕ ಹಿಡಿದು, "ರುಜು ಹಾಕ್ಬುಡಿ ಸಾರ್, ಬರೆಯೋದ್ನ ಆಮೇಲೆ ಬರ್ಕೋತೀನಿ" ಎಂದರು. ನಿಮ್ಮಲ್ಲಿ ಅದು ಹಳೇ ಪದ್ಧತಿಯಂತೆ. ಎಲ್ಲರೂ ಖಾಲಿ ಹಾಳೆಗೆ ರುಜು ಹಾಕಿದರು. ನಾನೂ ಹಾಕಿದೆ. ಟೀ ಮುಗಿದ ಮೇಲೆ ಪರಿಚಯ ಶುರುವಾಯಿತು. ಸದಸ್ಯ ಕಂಠಪ್ಪನವರು, "ಲಾಯರ್ರು ಆ ಜನದ ಮ್ಯಾಲೆ ಕನಿಕರ ಮಡಗಿ ಬಂದವ್ರೆ, ದೊಡ್ಡ ಮನ್ಸು" ಎಂದು ಹೊಗಳಿದರು. ನಾನು ಎದ್ದು, ಕನಿಕರವಲ್ಲ ಸ್ವಾಮಿ, ನಾನೂ ಆ ಜನವೇ ಎಂದೆ. ಆಮೇಲೆ ಯಾರೂ ನನ್ನ ಮುಖ ನೋಡಲಿಲ್ಲ.

ಈ ತಿಂಗಳ ಮೂರರಂದು ನಡಾವಳಿ ನಕಲು ಕೇಳಿ ಪಡೆದೆ. ಅದೇ ಹಾಳೆಯಲ್ಲಿ, ನನ್ನ ರುಜುವಿನ ಮೇಲೆ, ಲಿಂಗಣ್ಣನ ಅಕ್ಷರ: "ಚಲುವರಾಜುರವರು ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಸಲ್ಲಿಸಿದ್ದು, ಸಭೆ ಅಂಗೀಕರಿಸಿತು."

ಕಾಗದ ಹಿಡಿದು ನಿಮ್ಮ ಮನೆಗೆ ಬಂದೆ. ನೀವು ಸುಳ್ಳು ಹೇಳಲಿಲ್ಲ, ಅಷ್ಟಕ್ಕೆ ಮೆಚ್ಚುತ್ತೇನೆ. "ನಂಗೆ ಗೊತ್ತಿರೋದು ಬ್ಯಾರೆ, ನೀನು ಸಭೇಲಿ ಏಳೋದು ಬ್ಯಾರೆ ಕಣ್ಲಾ ಚೆಲ್ವ. ಕಾನೂನೇ ನಿಮ್ಮನ್ನ ಒಪ್ಪಿಲ್ಲ. ಹೊರಗಿದ್ದೇ ಕೆಲ್ಸ ಮಾಡು, ಬೆನ್ನ ಹಿಂದೆ ನಾನಿದ್ದೀನಿ" ಎಂದಿರಿ.

ಕಾನೂನು ನನ್ನ ಕಸುಬು ಮೇಷ್ಟ್ರೇ. ನಾನು ಇಂಥವನು ಎಂದು ಹೇಳುವುದು ಅಪರಾಧ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಕೊಡದ ರಾಜೀನಾಮೆಯನ್ನು ಬರೆದುಕೊಳ್ಳುವುದು ಅಪರಾಧ ಎಂದು ಮಾತ್ರ ಚೆನ್ನಾಗಿ ಬರೆದಿದೆ. ನಮ್ಮವರಿಗೆ ತಗಲಿದ ಎಚ್‌ಐವಿ ಕಾಯಿಲೆ ತೋರಿಸಿ ಹಣ ತಂದು ಸಂಸ್ಥೆ ಕಟ್ಟಿದಿರಿ. ಬೋರ್ಡಿನ ಮೇಲೆ ನಮ್ಮ ಹೆಸರು ಬೇಕು, ಮೇಜಿನ ಮುಂದೆ ನಾವು ಬೇಡ! ನಿಮ್ಮ ಬೆನ್ನ ಹಿಂದಿನ ಆಸರೆ ನನಗೆ ಬೇಕಾಗಿಲ್ಲ. ಎದುರಿಗೆ ಕೂತು ಕೈ ಎತ್ತುವ ಹಕ್ಕು ಬೇಕು.

ಬೈಲಾ ಪ್ರಕಾರ ಸಂಸ್ಥೆಯ ಮೂರನೇ ಒಂದು ಪಾಲು ಸದಸ್ಯರು ಕೇಳಿದರೆ ವಿಶೇಷ ಸಭೆ ನಡೆಯಲೇಬೇಕು. ನಲವತ್ತೆರಡರಲ್ಲಿ ಹದಿನಾಲ್ಕು ಜನ ಸಾಕು. ನಾನೂ ಮಾನಸಳೂ ಊರೂರು ತಿರುಗಿದೆವು. ಕೊಪ್ಪದಲ್ಲಿ ನಮ್ಮವಳೇ ಆದ ಸದಸ್ಯೆ ರಮ್ಯಾ ಮೊದಲ ರುಜು ಹಾಕಿದಳು. ರಾವಂದೂರಿನ ಸೂಲಗಿತ್ತಿ ಸಾಕಮ್ಮ ಮಾತ್ರ ಹೆಬ್ಬೆಟ್ಟನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಲಾಯರಾಗಿ ಖಾಲಿ ಆಳೆಗೆ ರುಜು ಜಡ್ದೋನು ನೀನೇಯಾ? ಮೊದ್ಲು ಓದೇಳಪ್ಪಾ" ಎಂದಳು. ಎರಡು ಸಲ ಓದಿಸಿದಳು. ಆಮೇಲೆ, "ನಾನು ಎತ್ತಿದ ಕೂಸುಗಳಲ್ಲಿ ನಿಮ್ಮಂಥವೂ ಅವೆ ಕಣ, ಯಾವ್ದನ್ನೂ ವಾಪಸ್ ತಳ್ಳಿಲ್ಲ" ಎಂದು ಒತ್ತಿದಳು. ಒಟ್ಟು ಹತ್ತೊಂಬತ್ತಾಯಿತು. ಅರ್ಜಿ ಈ ಪತ್ರದ ಜೊತೆಗಿದೆ. ವಿಷಯ ಎರಡೇ: ಸುಳ್ಳು ರಾಜೀನಾಮೆಯನ್ನು ರದ್ದು ಮಾಡುವುದು, ಎರಡನೇ ಸ್ಥಾನಕ್ಕೆ ಮಾನಸಳನ್ನು ಸೇರಿಸುವುದು.

ಸೋತರೆ ಮತ್ತೆ ಅರ್ಜಿ ಹಾಕುತ್ತೇವೆ. ರಾಜೀನಾಮೆಯನ್ನಂತೂ ಕೊಡುವುದಿಲ್ಲ.

ಇಂತಿ,
ನಿಮ್ಮ ಶಿಷ್ಯ, ಮಂಡಳಿಯ ಸದಸ್ಯ,
ಚಲುವರಾಜು, ವಕೀಲ

ಮರೆತ ಮಾತು: ಓದದೆ ಎಲ್ಲಿಯೂ ರುಜು ಹಾಕಬೇಡಿ ಎಂದು ದಿನಾ ಕೋರ್ಟಿನ ಬಾಗಿಲಲ್ಲಿ ಕಕ್ಷಿಗಾರರನ್ನು ಬೈಯುವವನು ನಾನು. ಅವತ್ತು ಯಾಕೆ ಹಾಕಿದೆ ಎಂದು ಎಲ್ಲರೂ ಕೇಳಿದರು, ಯಾರಿಗೂ ಹೇಳಲಿಲ್ಲ. ನೀವು ಪಕ್ಕದ ಕುರ್ಚಿ ಎಳೆದು "ಕೂತ್ಕೊಳ್ಲಾ" ಎಂದಿರಿ. ವಿಷಯ ಗೊತ್ತಿದ್ದೂ ನನ್ನನ್ನು ಹಾಗೆ ಕೂರಿಸಿಕೊಂಡ ಹಿರಿಯರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಆ ಸಂತೋಷದಲ್ಲಿ ಹಾಳೆ ಖಾಲಿಯಿದ್ದದ್ದೇ ನನಗೆ ಕಾಣಲಿಲ್ಲ. ಅದಕ್ಕೇ ಪೊಲೀಸರ ಬಳಿ ಹೋಗದೆ ನಿಮಗೆ ಬರೆಯುತ್ತಿದ್ದೇನೆ. ಅರ್ಜಿಯಲ್ಲಿ ನಾವು ಕೇಳಿರುವ ಸಭೆ ಹುಣಸೂರಿನ ಕಚೇರಿಯಲ್ಲಿ. ಡಿಸೆಂಬರ್ 14, ಭಾನುವಾರ, ಬೆಳಿಗ್ಗೆ ಹತ್ತೂವರೆ.