ಗುಂಡಿಯೊಳಗಿನ ಕಾಲು

ಮೊಳಕಾಲ್ಮೂರು
ಮಂಗಳವಾರ

ಅಮ್ಮಾಯಿ ದಿವ್ಯಶ್ರೀ,

ಚಿತ್ರದುರ್ಗ ಜಿಲ್ಲೆಯಲ್ಲಿ ಪೊಲೀಸರೇ ಹೆದರುವ ಒಬ್ಬನೇ ಒಬ್ಬ ನೇಕಾರ ನಿನ್ನ ಮಾಮ ವೆಂಕಟಪ್ಪ. ನಾನು ಬೀದಿಗಿಳಿದರೆ ಜೀಪು ತಾನೇ ಹಿಂದಕ್ಕೆ ಹೋಗುತ್ತದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದಿದ ಮೇಲೆ ನೀನು ನಂಬುವುದಿಲ್ಲ.

ಐದು ದಿನದಿಂದ ನಿನ್ನ ವಿಡಿಯೊ ಕಾಲ್ ಎತ್ತಿಲ್ಲ. ಮಾಮನಿಗೆ ಸಿಟ್ಟು ಅಂದುಕೊಂಡಿರುತ್ತೀಯ. ಸಿಟ್ಟಲ್ಲ ತಾಯಿ, ಭಯ. ಫೋನಿನಲ್ಲಿ ನಿನ್ನ ಮುಖ ಮೂಡಿದರೆ ಲಾಳಿ ಬಿಟ್ಟು ಫೋನನ್ನು ಬೋರಲು ಹಾಕುತ್ತೇನೆ. ಅದಕ್ಕೇ ಈ ಕಾಗದ.

ನೀನು ಚಳ್ಳಕೆರೆಯ ಶಾಲೆಯಲ್ಲಿ ಟೀಚರ್ ಆದ ವರ್ಷ ನನ್ನನ್ನು ಸಿನಿಮಾಕ್ಕೆ ಕರೆದೊಯ್ದಿದ್ದೆ. ಹೀರೊ ನೇಕಾರ. ಗುಂಡಿ ಮಗ್ಗದಲ್ಲಿ ಕೂತು ಹಾಡುತ್ತಾನೆ, ಹಾಡು ಮುಗಿಯುವಷ್ಟರಲ್ಲಿ ಸೀರೆಯೂ ಮುಗಿಯುತ್ತದೆ. ನಾನು ಶಿಳ್ಳೆ ಹೊಡೆಯುತ್ತಿದ್ದೆ. ನೀನು ಕಿವಿಯ ಹತ್ತಿರ ಬಗ್ಗಿ, 'ಮಾಮ, ಹಾಸು ನೋಡು. ಎಳೆ ಮೇಲೂ ಏಳ್ತಿಲ್ಲ, ಕೆಳಗೂ ಇಳೀತಿಲ್ಲ. ಗುಂಡಿಯೊಳಗೆ ಮೆಟ್ಟು ತುಳಿಯೋ ಅವನ ಕಾಲೇ ಆಡ್ತಿಲ್ಲ' ಅಂದೆ.

'ಸುಮ್ಕೆ ನೋಡಮ್ಮಾಯಿ, ನೂರೈವತ್ತು ರೂಪಾಯಿ ಟಿಕೀಟು' ಅಂದೆ ನಾನು.

ನೀನು ಬಿಡಲಿಲ್ಲ. 'ತೋರಿಸಿದ್ದನ್ನ ಎಲ್ರೂ ನೋಡ್ತಾರೆ. ತೋರಿಸದೇ ಬಿಟ್ಟಿದ್ದು ಏನೈತೆ ಅಂತ ಕೇಳು ಮಾಮ.' ನಲವತ್ತು ವರ್ಷ ಆ ಗುಂಡಿಯಲ್ಲಿ ಕಾಲಿಟ್ಟವನಿಗೆ ಇವಳ ಪಾಠವೇ ಎಂದು ಬಸ್ಸು ಹತ್ತುವವರೆಗೂ ನಿನ್ನನ್ನು ಬೈದಿದ್ದೆ.

ಕಳೆದ ಗುರುವಾರ ಹನ್ನೊಂದು ಗಂಟೆಗೆ ಒಂದು ವಿಡಿಯೊ ಕಾಲ್ ಬಂತು. ಖಾಕಿ ತೊಟ್ಟವನು. ಬೆನ್ನ ಹಿಂದೆ ನಕ್ಷೆ, ಧ್ವಜ, ಮೇಜಿನ ಮೇಲೆ ತಕ್ಕಡಿ ಹಿಡಿದ ಗೊಂಬೆ. 'ನಿಮ್ಮ ಅಕ್ಕನ ಮಗಳು ಗಾಂಜಾ ಕೇಸಲ್ಲಿ ಸಿಕ್ಕಿದ್ದಾಳೆ. ಫೋನ್ ಕಟ್ ಮಾಡಿದ್ರೆ ನೀವೂ ಒಳಗೆ' ಅಂದ. ಆಮೇಲೆ ನಿನ್ನ ಮುಖ ತೋರಿಸಿದ. ಅಳುತ್ತಿತ್ತು. 'ಮಾಮ, ಕಾಪಾಡು' ಅಂತು, ನಿನ್ನದೇ ದನಿಯಲ್ಲಿ. ಕತ್ತಿನವರೆಗೆ ಮಾತ್ರ ಕಾಣುತ್ತಿತ್ತು. ಕೈ ಎಲ್ಲಿ, ಕಾಲೆಲ್ಲಿ, ಯಾವ ಕೋಣೆ, ನಾನು ಕೇಳಲಿಲ್ಲ.

ನಿನ್ನ ಅತ್ತೆ ಎರ್ರಮ್ಮ ಬಾಗಿಲಲ್ಲಿ ನಿಂತು, 'ಏಮಯ್ಯಾ, ಅನ್ನ ಆರೋಯ್ತು. ಈ ವಯಸ್ಸಲ್ಲಿ ಅದ್ಯಾವಳ ಜೊತೆ ಪಿಸುಪಿಸು?' ಅಂದಳು. ಬಾಯಿ ಮುಚ್ಚು ಅಂದೆ. ಅವನ ಮಾತಿನಂತೆ ಫೋನನ್ನು ಅಂಗಿಯ ಜೇಬಿನಲ್ಲಿ ಕ್ಯಾಮೆರಾ ಹೊರಗಿಟ್ಟು ಬ್ಯಾಂಕಿಗೆ ಹೋದೆ. ಇಷ್ಟು ದುಡ್ಡು ಯಾಕೆ ಅಂತ ಅಲ್ಲಿನವರು ಕೇಳಿದರು. 'ಹೊಸ ಮಗ್ಗ ಕಣ್ರಿ' ಅಂದೆ. ಅವನು ಕೇಳಿದಷ್ಟನ್ನೂ ಅವನು ಹೇಳಿದ ಖಾತೆಗೆ ಹಾಕಿಸಿದೆ.

ಸಂಜೆ ನೀನು ಎಂದಿನಂತೆ ಫೋನು ಮಾಡಿ, 'ಕಾಫಿ ಆಯ್ತಾ ಮಾಮ?' ಅಂದೆ. ಕೈಯಲ್ಲಿ ಮಕ್ಕಳ ನೋಟ್‌ಬುಕ್ಕು, ಮೂಗಿನ ಮೇಲೆ ಸೀಮೆಸುಣ್ಣ. ಯಾವ ಮುಖ ನಿಜ ಎಂದು ತಿಳಿಯದೆ ಕಟ್ ಮಾಡಿದೆ. ಮೋಸ ಅಂತ ಆಮೇಲೆ ತಿಳಿಯಿತು. ಶಾಲೆಯ ವಾರ್ಷಿಕೋತ್ಸವದ್ದು ಅಂತ ನೀನು ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದೆಯಲ್ಲ, ಅಂಥ ವಿಡಿಯೊದಿಂದಲೇ ಮುಖ, ದನಿ ಎರಡನ್ನೂ ಮಾಡುತ್ತಾರಂತೆ.

ನಾನು ನಮ್ಮೂರ ಠಾಣೆಗೆ ಎರಡು ಸಲ ಹೋದವನು. ಅಲ್ಲಿ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಹಿಡಿದು ತಂದ ಬೈಕುಗಳು, ದೇವರ ಫೋಟೊಗೆ ಬಾಡಿದ ಹಾರ. ತಕ್ಕಡಿ ಹಿಡಿದ ಗೊಂಬೆಯನ್ನು ನಾನು ಕಂಡದ್ದು ಸಿನಿಮಾದಲ್ಲಿ. ಕಣ್ಣಾರೆ ಕಂಡ ಠಾಣೆಯನ್ನು ಬಿಟ್ಟು ಪರದೆಯ ಠಾಣೆಯನ್ನು ನಂಬಿದೆ. ಹಿಂಬದಿಯ ಎಳೆ ನೋಡದೆ ಒಂದು ಸೀರೆಗೂ ಬೆಲೆ ಹೇಳದವನು ನಾನು.

ಈಗ ಬಸ್ ಕಂಡಕ್ಟರನ ಖಾಕಿ ಕಂಡರೂ ಎದ್ದು ನಿಲ್ಲುತ್ತೇನೆ. ದೂರು ಕೊಡಬೇಕಂತೆ, ತಡವಾದಷ್ಟೂ ಕಷ್ಟವಂತೆ. ಒಬ್ಬನೇ ಹೋಗಲಾರೆ. ಫೋನು ಮಾಡಬೇಡ, ಬಂದುಬಿಡು. ಬಾಗಿಲಲ್ಲಿ ನಿಂತಾಗ ಮೊದಲು ನಿನ್ನ ಕಾಲು ನೋಡುತ್ತೇನೆ, ನಗಬೇಡ. ಆಮೇಲೆ ಇಬ್ಬರೂ ಠಾಣೆಗೆ ಹೋಗೋಣ.

ನೀನು ತಣ್ಣಗಿರು ತಾಯಿ. ಯಾರ ಸುಳ್ಳೂ ನಿನ್ನನ್ನು ಮುಟ್ಟದಿರಲಿ, ನನ್ನದೂ ಸೇರಿ. ಎರ್ರಮ್ಮನಿಗೆ ಮೂವತ್ತು ಸಾವಿರ ಹೋಯಿತು ಅಂದಿದ್ದೇನೆ. ಅದು ನಿಮ್ಮವ್ವ ಲಕ್ಷ್ಮೀದೇವಿ ಸಾಯುವ ಮುಂಚೆ ನಿನಗೆಂದು ನನ್ನ ಕೈಗೆ ಕೊಟ್ಟ ದುಡ್ಡು, ಸೀರೆಗಿಷ್ಟು ಅಂತ ನಾನು ಸೇರಿಸುತ್ತ ಬಂದದ್ದು. ನಿನ್ನನ್ನು ಬಿಡಿಸಲು ನಿನ್ನದನ್ನೇ ಕೊಟ್ಟುಬಿಟ್ಟೆ.

ನಿನ್ನ ದಾರಿ ನೋಡುತ್ತಿರುವ,
ಮಾಮ ವೆಂಕಟಪ್ಪ

ಹೋದದ್ದು ನಾಲ್ಕು ಲಕ್ಷದ ಅರವತ್ತು ಸಾವಿರ.